ಮಧುಮೇಹಿಯ ಪಾದವ್ರಣ ಮತ್ತು ಆಕರಕೋಶ ಚಿಕಿತ್ಸೆ

ಮಧುಮೇಹದ ಉಪದ್ರವಗಳಲ್ಲಿ ಪಾದದ ಹುಣ್ಣಿನಷ್ಟು ಅಲ್ಪ ಕಾರಣದಿಂದ ಮೊದಲಾಗಿ ಅಷ್ಟು ದೊಡ್ಡ ಹಾನಿಯಲ್ಲಿ ಮುಗಿಯುವಂಥವು ವಿರಳ. ಹೊಸ ಚಪ್ಪಲಿಯ ಪಟ್ಟಿ ಉಜ್ಜಿರುತ್ತದೆ. ಅಂಗಾಲಿಗೆ ಸಣ್ಣದೊಂದು ಮೊಳೆ ತಗಲಿರುತ್ತದೆ. ಬಿಸಿಲಿಗೆ ಕಾದ ದೇವಾಲಯದ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಬಂದುದರಿಂದ ಬೊಬ್ಬೆ ಎದ್ದಿರುತ್ತದೆ. ಆರೋಗ್ಯವಂತನು ಎಂಟು ಹತ್ತು ದಿನಗಳಲ್ಲಿ ಮರೆತುಬಿಡುವ ಈ ಗಾಯವು ಮಧುಮೇಹಿಯಲ್ಲಿ ತಿಂಗಳುಗಟ್ಟಲೆ ಬಾಯಿ ತೆರೆದುಕೊಂಡೇ ಇದ್ದು, ನಂಜೇರಿ, ಎಲುಬಿಗೆ ಇಳಿದು, ಕಡೆಗೆ ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾದ ಸ್ಥಿತಿಗೆ ತರುವುದುಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು ೧೦ ಕೋಟಿ ೧೦ ಲಕ್ಷ. ಮಧುಮೇಹಿಗಳಲ್ಲಿ ನೂರಕ್ಕೆ ೧೯ರಿಂದ ೩೪ ಮಂದಿಗೆ ಆಯುಷ್ಯದಲ್ಲಿ ಒಮ್ಮೆಯಾದರೂ ಪಾದವ್ರಣ ಉಂಟಾಗುವುದೆಂದು ತಜ್ಞರ ಅಂದಾಜು. ಈ ಎರಡು ಅಂಕೆಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಸಮಸ್ಯೆಯ ಗಾತ್ರ ತಿಳಿಯುತ್ತದೆ.

ಇಂಥ ಮಾಯದ ಹುಣ್ಣಿಗೆ ಆಕರಕೋಶಗಳ ಚಿಕಿತ್ಸೆ, ಎಂದರೆ ಇಂಗ್ಲಿಷಿನಲ್ಲಿ ಸ್ಟೆಮ್ ಸೆಲ್ ಎನಿಸಿಕೊಂಡಿರುವ ಜೀವಕೋಶಗಳನ್ನು ಗಾಯದ ಮೇಲೋ ಅದರ ಸುತ್ತಲೋ ಇರಿಸುವ ಕ್ರಮ, ಈಚಿನ ವರ್ಷಗಳಲ್ಲಿ ಬಹಳವಾಗಿ ಮಾತಿಗೆ ವಿಷಯವಾಗಿದೆ. ಜಾಹೀರಾತುಗಳಲ್ಲಿ ಅದು ಕೊಳೆತ ಮಾಂಸದ ಸ್ಥಾನದಲ್ಲಿ ಹೊಸ ಮಾಂಸವನ್ನು ಬೆಳೆಸುವ ವಿದ್ಯೆಯೆಂಬಂತೆ ವರ್ಣಿತವಾಗುತ್ತದೆ. ಕಾಲು ಹೋದೀತೆಂಬ ಭಯದಲ್ಲಿರುವ ಮನೆಯವರು ಒಡವೆಯನ್ನು ಒತ್ತೆಯಿಟ್ಟಾದರೂ ಅದನ್ನು ಮಾಡಿಸಲು ಸಿದ್ಧರಾಗುವುದು ಸಹಜವೇ. ವಿಜ್ಞಾನವು ಹೇಳುವುದು ಈ ವರ್ಣನೆಗಿಂತ ಬೇರೆ. ಒಂದು ದೃಷ್ಟಿಯಿಂದ ಹೆಚ್ಚು ಕುತೂಹಲಕರವೂ ಹೌದು. ಅದನ್ನು ಅರಿಯಬೇಕಾದರೆ ಹುಣ್ಣು ಏಕೆ ಮಾಯುವುದಿಲ್ಲವೆಂಬುದನ್ನು ಮೊದಲು ನೋಡಬೇಕು.

ಬಹುಕಾಲ ರಕ್ತದಲ್ಲಿ ಸಕ್ಕರೆ ಮಿತಿಮೀರಿದ್ದರೆ ನರಗಳು ಕೆಡುತ್ತವೆ. ಅತ್ಯಂತ ಉದ್ದವಾದ ನರಗಳಿಗೆ, ಎಂದರೆ ಪಾದಕ್ಕೆ ಹೋಗುವವುಗಳಿಗೆ, ಮೊದಲ ಪೆಟ್ಟು. ಪಾದವು ಮೊದಮೊದಲು ಜೋಮು ಹಿಡಿದಂತಾಗಿ ಬರಬರುತ್ತ ಸ್ಪರ್ಶಜ್ಞಾನವನ್ನೇ ಕಳೆದುಕೊಳ್ಳುತ್ತದೆ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಮುಟ್ಟಿಸಿ ವೈದ್ಯರು ಇದನ್ನು ಪರೀಕ್ಷಿಸುತ್ತಾರೆ. ಮುಟ್ಟಿದುದು ತಿಳಿಯದಿದ್ದರೆ ಆ ಪಾದಕ್ಕೆ ಕಾವಲು ತಪ್ಪಿದೆಯೆಂದೇ ಅರ್ಥ. ನೋವು ತಿಳಿಯದವನು ಹುಣ್ಣಿನ ಮೇಲೆಯೇ ಭಾರವೂರಿ ನಡೆಯುತ್ತಾನೆ. ಮಾಯತೊಡಗಿದ ಗಾಯವನ್ನು ಪ್ರತಿಯೊಂದು ಹೆಜ್ಜೆಯೂ ಮತ್ತೆ ಜಜ್ಜುತ್ತದೆ.

ಈ ಸಂಗತಿಯನ್ನು ಬೆಳಕಿಗೆ ತಂದ ಕೆಲಸದ ಒಂದು ಮುಖ್ಯ ಭಾಗ ನಡೆದುದು ದಕ್ಷಿಣ ಭಾರತದಲ್ಲಿ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ೧೯೪೬ರಲ್ಲಿ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರು, ಕುಷ್ಠರೋಗಿಗಳ ಬೆರಳುಗಳು ರೋಗದಿಂದ ತಾವಾಗಿ ಉದುರುವುದಿಲ್ಲ, ನೋವು ತಿಳಿಯದೆ ಮತ್ತೆ ಮತ್ತೆ ಪೆಟ್ಟು ತಿಂದು ಸವೆದುಹೋಗುತ್ತವೆ ಎಂಬುದನ್ನು ಅಲ್ಲಿ ಕಂಡುಕೊಂಡರು. ೧೯೬೦ರ ದಶಕದಲ್ಲಿ ಅಮೆರಿಕದ ಲೂಯಿಸಿಯಾನಾ ಪ್ರಾಂತದ ಕಾರ್ವಿಲ್ ಕುಷ್ಠರೋಗಾಸ್ಪತ್ರೆಗೆ ಹೋದ ಮೇಲೆ, ಮಧುಮೇಹಿಗಳ ಪಾದದಲ್ಲಿ ನಡೆಯುವುದೂ ಇದೇ ಎಂದು ತೋರಿಸಿಕೊಟ್ಟರು. ಕುಷ್ಠರೋಗಿಗಳ ಪಾದವ್ರಣಕ್ಕೆ ಹಾಕುತ್ತಿದ್ದ, ಮೊಳಕಾಲಿನ ಕೆಳಗಿನಿಂದ ಪಾದದವರೆಗೆ ಮೈಗೆ ಅಂಟಿ ಕೂರುವ ಪ್ಲಾಸ್ಟರ್ ಕಟ್ಟು ಹೀಗೆ ಮಧುಮೇಹಿಗಳಿಗೂ ಬಂತು. ದೇಹದ ಭಾರವನ್ನು ಇಡೀ ಕಾಲಿಗೆ ಹಂಚಿ ಹುಣ್ಣಿನ ಮೇಲಿನ ಒತ್ತಡವನ್ನು ತಪ್ಪಿಸುವುದೇ ಅದರ ಗುಟ್ಟು. ಅಂಗಾಲಿನ ಹುಣ್ಣಿಗೆ ಇಷ್ಟು ನೆಚ್ಚತಕ್ಕ ಸಾಧನಗಳು ಇಂದಿಗೂ ಕಡಿಮೆ. ಆದರೂ ಅದನ್ನು ಹಾಕಲು ಬಲ್ಲವರು ನಮ್ಮಲ್ಲಿ ಎಲ್ಲ ಊರುಗಳಲ್ಲಿಯೂ ಸಿಗುವುದಿಲ್ಲ.

ಎರಡನೆಯ ಕಾರಣ ರಕ್ತದ ಕೊರತೆ. ಮಧುಮೇಹಿಯಲ್ಲಿ ವಿಶೇಷವಾಗಿ ಮೊಳಕಾಲಿನ ಕೆಳಗಣ ಧಮನಿಗಳು ಕಿರಿದಾಗಿ ಮುಚ್ಚಿಕೊಳ್ಳುತ್ತ ಬರುತ್ತವೆ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ, ಮಧುಮೇಹಿಗಳಿಗೆ ಪಿಡಕೆಗಳು ದೇಹದ ಕೆಳಭಾಗದಲ್ಲಿ ಏಳುತ್ತವೆಂದೂ ವಾಹಿನಿಗಳ ದೌರ್ಬಲ್ಯವೇ ಅದಕ್ಕೆ ಕಾರಣವೆಂದೂ ಹೇಳಿದೆ. ಇದರಿಂದ ಧಮನಿರೋಗದ ಈಗಿನ ಜ್ಞಾನವೆಲ್ಲ ಪ್ರಾಚೀನರಿಗೆ ಇತ್ತೆಂದು ಸಾಧಿಸಹೊರಡುವುದು ಸಲ್ಲದು. ನೋಟದ ಸೂಕ್ಷ್ಮತೆಯನ್ನು ಮಾತ್ರ ಒಪ್ಪಲೇಬೇಕು. ಇವೆರಡರ ಮೇಲೆ ಮೂರನೆಯದಾಗಿ ನಂಜು ಸೇರುತ್ತದೆ. ಸಕ್ಕರೆ ಹೆಚ್ಚಿದ ರಕ್ತದಲ್ಲಿ ರೋಗಾಣುಗಳನ್ನು ಎದುರಿಸುವ ಬಿಳಿಯ ಕಣಗಳು ಮಂದವಾಗಿರುವುದರಿಂದ ಅದು ಬೇಗ ಹಬ್ಬುತ್ತದೆ.

ಇಷ್ಟು ಹೊರಗಿನ ಕಾರಣಗಳಾದುವು. ಹುಣ್ಣಿನ ಒಳಗೆ ನಡೆಯುವುದು ಇನ್ನೂ ಸ್ವಾರಸ್ಯವಾಗಿದೆ. ಗಾಯವಾದೊಡನೆ ರಕ್ತ ಹೆಪ್ಪುಗಟ್ಟುತ್ತದೆ. ಬಳಿಕ ಉರಿಯೂತ ಕಾಣಿಸಿಕೊಳ್ಳುತ್ತದೆ. ಅದು ಇಳಿದ ಮೇಲೆ ಹೊಸ ರಕ್ತನಾಳಗಳೂ ಕೆಂಪು ಮಾಂಸಾಂಕುರವೂ ಹುಟ್ಟಿ, ಅಂಚಿನಿಂದ ಚರ್ಮ ತೆವಳಿಕೊಂಡು ಬಂದು ಗಾಯವನ್ನು ಮುಚ್ಚುತ್ತದೆ. ಕಡೆಗೆ ಕಲೆ ಗಟ್ಟಿಯಾಗುತ್ತದೆ. ಇದರಲ್ಲಿ ಉರಿಯೂತದಿಂದ ಮುಂದಿನ ಹಂತಕ್ಕೆ ದಾಟುವುದೇ ನಿರ್ಣಾಯಕವಾದ ಘಟ್ಟ. ಭಕ್ಷಕಕೋಶಗಳೆಂಬ ದೊಡ್ಡ ಬಿಳಿಯ ಕಣಗಳು ಮೊದಲು ಸಫಾಯಿ ಕೆಲಸದಲ್ಲಿ ತೊಡಗಿ ರೋಗಾಣುಗಳನ್ನೂ ಸತ್ತ ಮಾಂಸವನ್ನೂ ನುಂಗುತ್ತವೆ. ಆ ಕೆಲಸ ಮುಗಿದ ಮೇಲೆ ಸ್ವಭಾವವನ್ನು ಬದಲಿಸಿಕೊಂಡು ಕಟ್ಟುವ ಕೆಲಸಕ್ಕೆ ಸೂಚನೆ ಕೊಡುತ್ತವೆ. ಮಧುಮೇಹಿಯ ಹುಣ್ಣಿನಲ್ಲಿ ಈ ಬದಲಾವಣೆ ಆಗುವುದೇ ಇಲ್ಲ, ಅಥವಾ ಅರ್ಧಂಬರ್ಧವಾಗುತ್ತದೆ. ಸಫಾಯಿಯವರು ಮನೆಯನ್ನು ಬಿಟ್ಟು ಹೋಗದೆ ಗೋಡೆಯನ್ನೂ ಕೆಡವತೊಡಗಿದರೆ ಹೇಗೋ ಹಾಗೆ, ಮಾಂಸವನ್ನು ಕರಗಿಸುವ ಕಿಣ್ವಗಳು ಅಲ್ಲಿ ಮಿತಿಮೀರಿ ಸ್ರವಿಸಿ, ಹೊಸದಾಗಿ ಹುಟ್ಟಿದ ಕೊಲಾಜನ್ ಎಳೆಗಳನ್ನೂ, ಕೋಶಗಳ ಬೆಳವಣಿಗೆಯನ್ನು ಪ್ರಚೋದಿಸುವ ವೃದ್ಧಿಕಾರಕಗಳನ್ನೂ ಒಟ್ಟಿಗೆ ನಾಶಪಡಿಸುತ್ತವೆ. ಹುಣ್ಣು ಉರಿಯೂತದ ಹಂತದಲ್ಲಿಯೇ ನಿಂತುಬಿಡುತ್ತದೆ. ಸರಿಯಾದ ಉಪಚಾರವಿದ್ದೂ ನಾಲ್ಕು ವಾರಗಳಲ್ಲಿ ಅರ್ಧದಷ್ಟಾದರೂ ಕುಗ್ಗದ ಹುಣ್ಣು ಈ ಜಾತಿಯದೆಂದು ವೈದ್ಯರು ಶಂಕಿಸುತ್ತಾರೆ.

ಕೊರತೆಯಾಗಿರುವುದು ವೃದ್ಧಿಕಾರಕವಾದರೆ ಅದನ್ನೇ ಹಚ್ಚಬಾರದೇಕೆ ಎಂಬ ಯೋಚನೆ ಸಹಜ. ಹಾಗೆಯೇ ಮಾಡಿಯೂ ನೋಡಿದರು. ಬೆಕಾಪ್ಲರ್ಮಿನ್ ಎಂಬ ವೃದ್ಧಿಕಾರಕದ ಲೇಪಕ್ಕೆ ೧೯೯೭ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದರಿಂದ ಪ್ರಯೋಜನವಾಯಿತು, ನಿರೀಕ್ಷಿಸಿದಷ್ಟು ಆಗಲಿಲ್ಲ. ಮಾಯುವಿಕೆ ಎಂಬುದು ಅನೇಕ ಸೂಚನೆಗಳು ಒಂದಾದ ಮೇಲೊಂದು, ತಕ್ಕ ಹೊತ್ತಿಗೆ, ತಕ್ಕ ಪ್ರಮಾಣದಲ್ಲಿ ಬರಬೇಕಾದ ವ್ಯವಹಾರ. ಹೊರಗಿನಿಂದ ಒಂದೇ ಪದಾರ್ಥವನ್ನು ಸುರಿದರೆ ಅದು ನಡೆಯದು. ಸ್ಥಿತಿಯನ್ನು ನೋಡಿ ತಾನೇ ತಕ್ಕ ಸೂಚನೆಯನ್ನು ಕೊಡಬಲ್ಲ ಒಂದು ಜೀವಂತ ಮೂಲ ಬೇಕೆನಿಸಿತು. ಆಕರಕೋಶಗಳ ಕಡೆಗೆ ವೈದ್ಯರ ದೃಷ್ಟಿ ಹೊರಳಲು ಇದೂ ಒಂದು ಕಾರಣ.

ಇಲ್ಲಿ ಹೆಸರಿನ ವಿಚಾರವಾಗಿ ಒಂದು ಮಾತು. ಕನ್ನಡದ ಪತ್ರಿಕೆಗಳಲ್ಲಿ ಕಾಂಡಕೋಶ, ಆಕರಕೋಶ ಎಂಬ ಎರಡು ರೂಪಗಳೂ ಬಳಕೆಯಲ್ಲಿವೆ. ಮೂಲ ಶಬ್ದ ಜರ್ಮನ್ ಭಾಷೆಯದು. ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್ ೧೮೬೮ರಲ್ಲಿ ಜೀವಿಗಳ ವಂಶವೃಕ್ಷವನ್ನು ಕುರಿತು ಬರೆಯುತ್ತ, ಬಹುಕೋಶಜೀವಿಗಳಿಗೆಲ್ಲ ಪೂರ್ವಜವಾದ ಏಕಕೋಶಜೀವಿಯನ್ನು 'ಷ್ಟಾಮ್‌ಟ್ಸೆಲ್ಲೆ' ಎಂದು ಕರೆದನು. ಅಲ್ಲಿ ಷ್ಟಾಮ್ ಎಂದರೆ ವಂಶವೃಕ್ಷದ ಬುಡ. ಗಿಡದ ಕಾಂಡಕ್ಕೂ ಈ ಕೋಶಕ್ಕೂ ಬೇರೆ ಸಂಬಂಧವಿಲ್ಲದಿರುವುದರಿಂದ ಆಕರಕೋಶವೆಂಬುದೇ ಅರ್ಥಕ್ಕೆ ಹತ್ತಿರ. ತನ್ನಂಥವೇ ಆದ ಕೋಶಗಳನ್ನು ಹುಟ್ಟಿಸುತ್ತ, ಅದರೊಡನೆ ಬೇರೆ ವೃತ್ತಿಯ ಕೋಶಗಳಿಗೂ ಜನ್ಮ ಕೊಡಬಲ್ಲುದು ಎಂಬುದು ಅದರ ಲಕ್ಷಣ. ಇಲಿಗಳ ಅಸ್ಥಿಮಜ್ಜೆಯಲ್ಲಿ ಇಂಥ ರಕ್ತೋತ್ಪಾದಕ ಕೋಶಗಳಿವೆಯೆಂಬುದಕ್ಕೆ ಕೆನಡಾದ ಟೊರಾಂಟೊದಲ್ಲಿ ಟಿಲ್ ಮತ್ತು ಮೆಕಲಕ್ ಅವರು ೧೯೬೧ರಲ್ಲಿ ಪ್ರಯೋಗದ ಆಧಾರವನ್ನು ಒದಗಿಸಿದರು. ಅದೇ ಮಜ್ಜೆಯಲ್ಲಿ ರಕ್ತವನ್ನು ಹುಟ್ಟಿಸದೆ ಎಲುಬು, ಮೃದ್ವಸ್ಥಿ, ಕೊಬ್ಬುಗಳಾಗಿ ಮಾರ್ಪಡಬಲ್ಲ ಇನ್ನೊಂದು ಬಗೆಯ ಕೋಶಗಳೂ ಇವೆಯೆಂಬ ಅರಿವಿಗೆ ರಷ್ಯದ ಫ್ರೀಡೆನ್‌ಸ್ಟೈನ್ ಅವರ ಕೆಲಸ ದಾರಿ ಮಾಡಿತು. ಅಮೆರಿಕದ ಆರ್ನಲ್ಡ್ ಕ್ಯಾಪ್ಲನ್ ೧೯೯೧ರಲ್ಲಿ ಇವುಗಳಿಗೆ ಮೆಸೆನ್‌ಕೈಮಲ್ ಸ್ಟೆಮ್ ಸೆಲ್ ಎಂದು ಹೆಸರಿಟ್ಟರು. ಪಾದವ್ರಣದ ಚಿಕಿತ್ಸೆಯಲ್ಲಿ ಹೆಚ್ಚಾಗಿ ಬಳಸಿ ನೋಡುತ್ತಿರುವುದು ಈ ಎರಡನೆಯ ಬಗೆಯನ್ನು.

ಇವನ್ನು ಗಾಯಕ್ಕೆ ಹಾಕಿದರೆ ಅವೇ ಚರ್ಮವಾಗಿ, ರಕ್ತನಾಳವಾಗಿ ಮಾರ್ಪಟ್ಟು ಕೊರತೆಯನ್ನು ತುಂಬುವುವೆಂದು ಮೊದಲು ಎಣಿಸಿದ್ದರು. ಪ್ರಾಣಿಗಳಲ್ಲಿ ಪರೀಕ್ಷಿಸಿದಾಗ, ಹಾಕಿದ ಕೋಶಗಳಲ್ಲಿ ಬಹುಪಾಲು ಕೆಲವು ದಿನ ಅಥವಾ ಕೆಲವು ವಾರಗಳಲ್ಲಿ ಮಾಯವಾಗಿಬಿಡುವುದು ಕಂಡುಬಂತು. ಆದರೂ ಗಾಯ ಬೇಗ ಮುಚ್ಚುತ್ತಿತ್ತು! ಇದಕ್ಕೆ ದೊರೆತ ವಿವರಣೆಯೇ ಈ ವಿಷಯದ ಹೃದಯ. ಆ ಕೋಶಗಳು ತಾವಿರುವಷ್ಟು ದಿನ ನಾನಾ ಬಗೆಯ ವೃದ್ಧಿಕಾರಕಗಳನ್ನೂ ಸೂಚಕ ದ್ರವ್ಯಗಳನ್ನೂ ಸ್ರವಿಸುತ್ತವೆ. ಭಕ್ಷಕಕೋಶಗಳನ್ನು ಕೆಡವುವ ಸ್ವಭಾವದಿಂದ ಕಟ್ಟುವ ಸ್ವಭಾವಕ್ಕೆ ತಿರುಗಿಸುತ್ತವೆ. ಸುತ್ತಲಿನ ಊತಕದಲ್ಲಿ ಹೊಸ ರಕ್ತನಾಳಗಳು ಕವಲೊಡೆಯುವಂತೆ ಪ್ರೇರಿಸುತ್ತವೆ. ಅಂಚಿನ ಚರ್ಮದ ಕೋಶಗಳನ್ನು ಎಚ್ಚರಿಸುತ್ತವೆ. ಮಾಂಸವನ್ನು ಬೆಳೆಸುವುದು ರೋಗಿಯ ಸ್ವಂತ ದೇಹವೇ. ಹೊರಗಿನಿಂದ ಬಂದ ಕೋಶ ಸಂದೇಶವನ್ನು ಮುಟ್ಟಿಸಿ ಹೊರಟುಹೋಗುತ್ತದೆ. ಹೆಸರಿಟ್ಟ ಕ್ಯಾಪ್ಲನ್ ಅವರೇ ೨೦೧೭ರಲ್ಲಿ ಲೇಖನವೊಂದನ್ನು ಬರೆದು, ಸ್ಟೆಮ್ ಸೆಲ್ ಎಂಬ ಹೆಸರು ರೋಗಿಗಳನ್ನು ದಾರಿ ತಪ್ಪಿಸುತ್ತಿದೆ, ಇವನ್ನು ಚಿಕಿತ್ಸಕ ಸೂಚನೆಗಳನ್ನು ಕೊಡುವ ಕೋಶಗಳೆಂಬರ್ಥದ ಬೇರೊಂದು ಹೆಸರಿನಿಂದ ಕರೆಯಬೇಕು ಎಂದು ವಾದಿಸಿದರು. ತಾನಿಟ್ಟ ಹೆಸರು ಪ್ರಪಂಚದಲ್ಲೆಲ್ಲ ರೂಢಿಯಾದ ಮೇಲೆ ಅದನ್ನು ಹಿಂತೆಗೆದುಕೊಳ್ಳಲು ಮುಂದಾಗುವ ವಿದ್ವಾಂಸರು ಹೆಚ್ಚು ಮಂದಿ ಇರಲಾರರು.

ಈ ವಿವರಣೆಯಿಂದ ಒಂದು ಮುಖ್ಯವಾದ ನಿರ್ಣಯ ಹೊರಡುತ್ತದೆ. ಸಂದೇಶವನ್ನು ಕೇಳಿ ನಡೆಸಿಕೊಡಬೇಕಾದ ಊತಕ ಜೀವಂತವಾಗಿರಬೇಕು, ಅದಕ್ಕೆ ರಕ್ತ ಹರಿಯುತ್ತಿರಬೇಕು, ಕೀವು ತುಂಬಿರಬಾರದು, ಮೇಲೆ ಭಾರ ಬೀಳುತ್ತಿರಬಾರದು. ಇಷ್ಟಿಲ್ಲದ ಕಡೆ ಎಷ್ಟು ಕೋಟಿ ಕೋಶಗಳನ್ನು ಸುರಿದರೂ ಹೇಳುವವರಿದ್ದಾರೆ, ಕೇಳುವವರಿಲ್ಲ ಎಂಬಂತಾಗುತ್ತದೆ. ಸತ್ತ ಮಾಂಸವನ್ನು ಕೆರೆದು ತೆಗೆಯುವುದು, ನಂಜನ್ನು ಇಳಿಸುವುದು, ಮುಚ್ಚಿದ ಧಮನಿಯನ್ನು ಬಲೂನಿನಿಂದಲೋ ಶಸ್ತ್ರಕ್ರಿಯೆಯಿಂದಲೋ ತೆರೆಯುವುದು, ಒತ್ತಡವನ್ನು ತಪ್ಪಿಸುವುದು, ಸಕ್ಕರೆಯನ್ನು ಹದಕ್ಕೆ ತರುವುದು ಇವು ಆಕರಕೋಶಗಳಿಗೆ ಬದಲಿನ ಹಳೆಯ ಕ್ರಮಗಳಲ್ಲ. ಅವು ಕೆಲಸ ಮಾಡಲು ಬೇಕಾದ ಪೂರ್ವಸಿದ್ಧತೆ.

ಕೋಶಗಳನ್ನು ಎಲ್ಲಿಂದ ತರಬೇಕೆಂಬುದು ಮುಂದಿನ ಪ್ರಶ್ನೆ. ರೋಗಿಯ ಸೊಂಟದ ಎಲುಬಿನಿಂದ ಮಜ್ಜೆಯನ್ನು ಹೀರಿ ತೆಗೆದು, ಅದರಿಂದ ಬೇಕಾದ ಕಣಗಳನ್ನು ಬೇರ್ಪಡಿಸಿ ಅಂದೇ ಚುಚ್ಚುವುದು ಒಂದು ವಿಧಾನ. ಇದು ಸುಲಭ, ಪರಕೀಯವೆಂಬ ತಕರಾರೂ ಇಲ್ಲ. ಆದರೆ ಹಾಗೆ ತೆಗೆದ ಮಿಶ್ರಣದಲ್ಲಿ ಮೇಲೆ ಹೇಳಿದ ಬಗೆಯ ಕೋಶಗಳು ಬಹು ಸ್ವಲ್ಪ. ಸಾಲದುದಕ್ಕೆ, ಬಹುವರ್ಷಗಳ ಮಧುಮೇಹ ಮಜ್ಜೆಯನ್ನೂ ಬಿಟ್ಟಿರುವುದಿಲ್ಲ; ಅಂಥವರ ಕೋಶಗಳು ಸಂಖ್ಯೆಯಲ್ಲಿಯೂ ಚುರುಕಿನಲ್ಲಿಯೂ ಕುಗ್ಗಿರುತ್ತವೆ. ಆದುದರಿಂದ ಆರೋಗ್ಯವಂತರು ದಾನ ಮಾಡಿದ ಮಜ್ಜೆ, ಕೊಬ್ಬು ಅಥವಾ ಹೆರಿಗೆಯ ನಂತರ ದೊರೆಯುವ ಹೊಕ್ಕುಳಬಳ್ಳಿಯಿಂದ ಕೋಶಗಳನ್ನು ಪಡೆದು, ಪ್ರಯೋಗಶಾಲೆಯಲ್ಲಿ ವಾರಗಟ್ಟಲೆ ಬೆಳೆಸಿ, ದ್ರವನೈಟ್ರೊಜನ್ನಿನಲ್ಲಿ ಕಾದಿರಿಸಿ ಬಳಸುವ ವಿಧಾನವೂ ಬಂದಿದೆ. ದೇಹದ ರಕ್ಷಣಾವ್ಯವಸ್ಥೆಯ ಕಣ್ಣಿಗೆ ಬೇಗ ಬೀಳುವ ಗುರುತುಗಳು ಈ ಕೋಶಗಳ ಮೇಲೆ ಕಡಿಮೆಯಾಗಿರುವುದರಿಂದ ಪರರ ದೇಹದಿಂದ ಬಂದುದಾದರೂ ಒಡನೆಯೇ ತಿರಸ್ಕೃತವಾಗುವುದಿಲ್ಲ.

ಇನ್ನು ಪ್ರಯೋಗಗಳ ಮಾತು. ಜಪಾನಿನಲ್ಲಿ ನಡೆದು ೨೦೦೨ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರಕ್ತ ಸಾಲದ ಕಾಲುಗಳ ಮೀನಖಂಡಕ್ಕೆ ರೋಗಿಗಳ ಮಜ್ಜೆಯ ಕಣಗಳನ್ನೇ ಚುಚ್ಚಿದಾಗ ರಕ್ತಸಂಚಾರ ಉತ್ತಮವಾದುದು ಕಂಡುಬಂದು ಎಲ್ಲೆಡೆ ಆಸೆ ಚಿಗುರಿತು. ಚೀನಾದಲ್ಲಿ ೨೦೧೧ರಲ್ಲಿ ವರದಿಯಾದ ಪ್ರಯೋಗದಲ್ಲಿ ಎರಡೂ ಕಾಲುಗಳಲ್ಲಿ ರಕ್ತದ ಕೊರತೆಯಿದ್ದ ೪೧ ಮಧುಮೇಹಿಗಳನ್ನು ಆರಿಸಿ, ಒಂದು ಕಾಲಿಗೆ ಕೋಶಗಳನ್ನೂ ಇನ್ನೊಂದಕ್ಕೆ ಬರಿಯ ಉಪ್ಪುನೀರನ್ನೂ ಚುಚ್ಚಿದರು. ಇಲ್ಲಿ ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೋಶಗಳು, ಹಾಗೆಯೇ ತೆಗೆದ ಮಜ್ಜೆಯ ಕಣಗಳಿಗಿಂತ ಬೇಗ ಹುಣ್ಣನ್ನು ಮಾಯಿಸಿದುವು. ಕೊರಿಯಾದಲ್ಲಿ ೨೦೧೯ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಬೇರೆ ಬಗೆಯದು: ದಾನಿಗಳ ಕೊಬ್ಬಿನಿಂದ ತೆಗೆದ ಕೋಶಗಳನ್ನು ತೆಳುವಾದ ಲೋಳೆಹಾಳೆಯಲ್ಲಿ ಹರಡಿ ಹುಣ್ಣಿನ ಮೇಲೆ ಪಟ್ಟಿಯಂತೆ ಅಂಟಿಸಿದರು. ಹನ್ನೆರಡು ವಾರಗಳ ಕೊನೆಗೆ ಕೋಶಗಳನ್ನು ಪಡೆದವರಲ್ಲಿ ನೂರಕ್ಕೆ ೮೨ ಮಂದಿಯ ಹುಣ್ಣು ಪೂರ್ಣವಾಗಿ ಮುಚ್ಚಿತ್ತು. ಕೋಶಗಳಿಲ್ಲದ ಸಾದಾ ಪಟ್ಟಿಯನ್ನು ಪಡೆದವರಲ್ಲಿ ಈ ಪ್ರಮಾಣ ನೂರಕ್ಕೆ ೫೩.

ಈ ಎರಡು ಅಂಕೆಗಳಲ್ಲಿ ಮೊದಲನೆಯದು ಜಾಹೀರಾತಿಗೆ ಒದಗುತ್ತದೆ. ಎಚ್ಚರದಿಂದ ಲೆಕ್ಕ ನೋಡುವವರು ಎರಡನೆಯದನ್ನೂ ಓದಬೇಕು. ಆಕರಕೋಶದ ಸೋಂಕಿಲ್ಲದೆಯೇ, ಒಳ್ಳೆಯ ಶುಶ್ರೂಷೆಯ ಬಲದಿಂದ, ಅರ್ಧಕ್ಕಿಂತ ಹೆಚ್ಚು ಮಂದಿ ಗುಣ ಹೊಂದಿದರು. ಕೋಶಗಳಿಂದ ಬಂದ ಲಾಭವೆಂದರೆ ಇವೆರಡರ ನಡುವಣ ವ್ಯತ್ಯಾಸ. ಅದು ಅಲ್ಪವೇನೂ ಅಲ್ಲ, ಆದರೆ ೮೨ ಅಲ್ಲ. ಚಿಕಿತ್ಸೆ ಮಾಡಿಸಿಕೊಂಡ ಯಾರೋ ಒಬ್ಬರ ಕಾಲು ಉಳಿಯಿತೆಂಬ ಸುದ್ದಿಯಿಂದ ಏನೂ ಸಿದ್ಧವಾಗದಿರುವುದು ಇದರಿಂದಲೇ.

ಹಾಲೆಂಡಿನ ಪ್ರಯೋಗವೊಂದು ಈ ಎಚ್ಚರಿಕೆಯನ್ನು ಇನ್ನಷ್ಟು ಬಲಪಡಿಸಿದೆ. ಉಟ್ರೆಕ್ಟ್ ನಗರದ ವೈದ್ಯರು ಕಾಲಿನಲ್ಲಿ ರಕ್ತಸಂಚಾರ ತೀರ ಕುಗ್ಗಿದ್ದ ೧೬೦ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಧಮನಿಗೆ ಅವರವರ ಮಜ್ಜೆಯ ಕಣಗಳನ್ನೂ ಇನ್ನೊಂದಕ್ಕೆ ಕಣಗಳಿಲ್ಲದ ದ್ರಾವಣವನ್ನೂ ಹಾಯಿಸಿದರು. ಯಾರಿಗೆ ಯಾವುದೆಂಬುದು ರೋಗಿಗೂ ವೈದ್ಯರಿಗೂ ತಿಳಿಯದಂತೆ ವ್ಯವಸ್ಥೆಯಿತ್ತು. ೨೦೧೫ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಆರು ತಿಂಗಳೊಳಗೆ ಕಾಲನ್ನು ಕಳೆದುಕೊಂಡವರ ಪ್ರಮಾಣ ಕಣಗಳನ್ನು ಪಡೆದವರಲ್ಲಿ ನೂರಕ್ಕೆ ೧೯, ಪಡೆಯದವರಲ್ಲಿ ೧೩. ಈ ವ್ಯತ್ಯಾಸ ಆಕಸ್ಮಿಕವಾಗಿರಬಹುದಾದಷ್ಟೇ ಸಣ್ಣದು, ಲಾಭವಂತೂ ಕಾಣಲಿಲ್ಲ. ಈ ರೋಗಿಗಳೆಲ್ಲರೂ ಮಧುಮೇಹಿಗಳಲ್ಲ. ಬಳಸಿದುದೂ ಬೆಳೆಸಿದ ಕೋಶಗಳಲ್ಲ. ಚುಚ್ಚಿದ ಜಾಗವೂ ಬೇರೆ. ಆದುದರಿಂದ ಈ ಒಂದು ಪ್ರಯೋಗದಿಂದ ಇಡೀ ಚಿಕಿತ್ಸೆಯೇ ನಿರರ್ಥಕವೆಂದು ತೀರ್ಮಾನಿಸುವುದು ಆತುರವಾದೀತು. ಯಾವ ಕೋಶ, ಎಷ್ಟು, ಎಲ್ಲಿ, ಯಾವ ಹಂತದ ಹುಣ್ಣಿಗೆ ಎಂಬುದರ ಮೇಲೆ ಫಲ ನಿಂತಿದೆಯೆಂಬುದು ಮಾತ್ರ ಸ್ಪಷ್ಟ.

ಕನ್ನಡ ನಾಡಿಗೂ ಈ ಇತಿಹಾಸದಲ್ಲಿ ಒಂದು ಸ್ಥಾನವಿದೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯವರು ಅನೇಕ ದಾನಿಗಳ ಮಜ್ಜೆಯಿಂದ ಪಡೆದ ಕೋಶಗಳನ್ನು ಒಟ್ಟುಗೂಡಿಸಿ ಬೆಳೆಸಿ 'ಸ್ಟೆಂಪ್ಯೂಸೆಲ್' ಎಂಬ ಔಷಧವನ್ನು ಸಿದ್ಧಪಡಿಸಿದ್ದಾರೆ. ಭಾರತದ ಔಷಧ ನಿಯಂತ್ರಕರು ೨೦೧೬ರಲ್ಲಿ ಅದಕ್ಕೆ ಮಿತವಾದ ಅನುಮತಿಯನ್ನು ಕೊಟ್ಟುದು ಬರ್ಜರ್ ರೋಗಕ್ಕೆ, ಎಂದರೆ ಹೆಚ್ಚಾಗಿ ಧೂಮಪಾನಿಗಳ ಕೈಕಾಲುಗಳ ರಕ್ತನಾಳಗಳನ್ನು ಮುಚ್ಚುವ ಕಾಯಿಲೆಗೆ. ೨೦೨೦ರಲ್ಲಿ ಧಮನಿಗಳು ಗಡುಸಾಗಿ ಕಾಲಿಗೆ ರಕ್ತ ಹೋಗದಿರುವ ಸ್ಥಿತಿಗೂ ಅದನ್ನು ವಿಸ್ತರಿಸಿದರು. ಅನುಮತಿ ದೊರೆತಿರುವುದು ರಕ್ತದ ಕೊರತೆಯಿಂದ ತೀವ್ರ ಅಪಾಯದಲ್ಲಿರುವ ಕಾಲಿಗೆ ಎಂಬುದನ್ನು ಗಮನಿಸಬೇಕು. ರಕ್ತ ಚೆನ್ನಾಗಿ ಹರಿಯುತ್ತಿದ್ದು ಕೇವಲ ನರದೋಷದಿಂದಾದ ಅಂಗಾಲಿನ ಹುಣ್ಣು ಬೇರೆಯೇ ವಿಷಯ. ಅದಕ್ಕೆ ಇದೇ ಅನುಮತಿಯನ್ನು ಮುಂದೆ ಮಾಡಿ ತೋರಿಸುವುದು ನ್ಯಾಯವಲ್ಲ.

ಕಾನೂನಿನ ನಿಲುವು ಸಾಕಷ್ಟು ಸ್ಪಷ್ಟವಾಗಿಯೇ ಇದೆ. ವೈದ್ಯಕೀಯ ಸಂಶೋಧನಾ ಮಂಡಳಿಯೂ ಜೈವಿಕ ತಂತ್ರಜ್ಞಾನ ಇಲಾಖೆಯೂ ಸೇರಿ ೨೦೧೭ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಕೆಲವು ರಕ್ತರೋಗಗಳಿಗೆ ಮಾಡುವ ಮಜ್ಜೆಯ ಕಸಿಯಂಥವನ್ನು ಬಿಟ್ಟರೆ, ಅನುಮತಿ ಪಡೆಯದ ಬೇರೆ ಎಲ್ಲ ಆಕರಕೋಶ ಚಿಕಿತ್ಸೆಯೂ ಪ್ರಾಯೋಗಿಕ. ಅದು ನೋಂದಾಯಿತವಾದ ಪ್ರಯೋಗದ ಅಂಗವಾಗಿಯೇ ನಡೆಯಬೇಕು. ಪ್ರಯೋಗಕ್ಕೆ ಒಳಗಾಗುವ ರೋಗಿ ತನ್ನ ದೇಹವನ್ನು ವಿಜ್ಞಾನಕ್ಕೆ ಸಾಲ ಕೊಟ್ಟವನು. ಸಾಲ ಕೊಟ್ಟವನಿಂದಲೇ ಬಡ್ಡಿ ವಸೂಲು ಮಾಡುವ ಪದ್ಧತಿ ಎಲ್ಲಿಯೂ ಇಲ್ಲ. ಪ್ರಾಯೋಗಿಕ ಚಿಕಿತ್ಸೆಗೆ ರೋಗಿಯಿಂದ ಲಕ್ಷಗಟ್ಟಲೆ ಕೇಳುವ ಕಡೆ, ಪ್ರಯೋಗದ ನೋಂದಣಿ ಸಂಖ್ಯೆಯನ್ನೂ ನೈತಿಕ ಸಮಿತಿಯ ಒಪ್ಪಿಗೆಯನ್ನೂ ತೋರಿಸಿರೆಂದು ಕೇಳುವುದಕ್ಕೆ ಯಾರೂ ಸಂಕೋಚಪಡಬೇಕಾದುದಿಲ್ಲ.

ಅಪಾಯಗಳ ಕಡೆಗೂ ಗಮನವಿರಬೇಕು. ಶುಚಿತ್ವ ತಪ್ಪಿದ ಪ್ರಯೋಗಶಾಲೆಯಿಂದ ಬಂದ ಕೋಶಗಳೊಡನೆ ರೋಗಾಣುಗಳೂ ಬರಬಹುದು. ಹೊಸ ರಕ್ತನಾಳಗಳನ್ನು ಚಿಗುರಿಸುವ ಗುಣ ಕಾಲಿಗೆ ಉಪಕಾರಿಯಾದರೂ, ಮಧುಮೇಹದಿಂದ ಅಕ್ಷಿಪಟಲದಲ್ಲಿ ಬೇಡದ ರಕ್ತನಾಳಗಳು ಬೆಳೆಯುತ್ತಿರುವ ಕಣ್ಣಿಗೆ ಅದು ಕೇಡಾಗಬಹುದೆಂಬ ಶಂಕೆಯಿದೆ. ಅರ್ಬುದವಿದ್ದವರ ವಿಷಯದಲ್ಲಿಯೂ ಇದೇ ಅಳುಕು. ಅನೇಕ ಪ್ರಯೋಗಗಳಲ್ಲಿ ಇಂಥವರನ್ನು ಮೊದಲೇ ಬಿಟ್ಟಿರುತ್ತಾರೆ. ಪ್ರಯೋಗಗಳಲ್ಲಿ ಅಪಾಯ ಕಾಣಲಿಲ್ಲವೆಂಬ ಮಾತನ್ನು ಇದನ್ನು ನೆನಪಿನಲ್ಲಿಟ್ಟುಕೊಂಡು ಓದಬೇಕು.

ಸಂ‌ದೇಶವೇ ಮುಖ್ಯವಾದರೆ ಸಂದೇಶವಾಹಕ ಏಕೆಂದು ಕೇಳುವ ಸಂಶೋಧಕರೂ ಇದ್ದಾರೆ. ಆಕರಕೋಶಗಳು ಸ್ರವಿಸುವ ಅತಿಸೂಕ್ಷ್ಮ ಕೋಶಿಕೆಗಳನ್ನು ಮಾತ್ರ ಸಂಗ್ರಹಿಸಿ ಲೇಪದಲ್ಲಿ ಬೆರೆಸುವ ಯತ್ನ ನಡೆದಿದೆ. ಎಕ್ಸೊಸೋಮ್ ಎನಿಸಿಕೊಳ್ಳುವ ಇವನ್ನು ಕಾದಿರಿಸುವುದು ಸುಲಭ. ಜೀವಂತ ಕೋಶಗಳಂತೆ ಹೆಚ್ಚಿ ಬೆಳೆಯುವ ಭಯವೂ ಇಲ್ಲ. ಇದರ ಆಧಾರ ಈವರೆಗೆ ಬಹುಮಟ್ಟಿಗೆ ಇಲಿಗಳ ಮೇಲಿನ ಪ್ರಯೋಗಗಳದು.

ಯಾವ ವಿಧಾನದಿಂದ ಮಾಯಿದರೂ ಪಾದವ್ರಣದ ಒಂದು ಸ್ವಭಾವ ಬದಲಾಗುವುದಿಲ್ಲ. ಒಮ್ಮೆ ಮಾಯಿದವರಲ್ಲಿ ನೂರಕ್ಕೆ ಸುಮಾರು ೪೦ ಮಂದಿಗೆ ಒಂದು ವರ್ಷದೊಳಗೇ ಅದು ಮರುಕಳಿಸುತ್ತದೆ. ಗಾಯ ಮುಚ್ಚಿದರೂ ಪಾದಕ್ಕೆ ಸ್ಪರ್ಶಜ್ಞಾನ ಹಿಂದಿರುಗಿರುವುದಿಲ್ಲ. ಎಲುಬಿನ ಉಬ್ಬು ಹಾಗೆಯೇ ಇರುತ್ತದೆ. ಅಂಗಾಲಿನ ಅದೇ ಜಾಗದ ಮೇಲೆ ಅದೇ ಭಾರ ಬೀಳುತ್ತದೆ. ಆ ಕಾರಣದಿಂದ ಚಿಕಿತ್ಸೆ ಮುಗಿದ ದಿನವೇ ವೈದ್ಯರು ಪಾದದ ಅಳತೆಗೆ ತಕ್ಕ ಮೆತ್ತನೆಯ ಪಾದರಕ್ಷೆಯನ್ನು ಬರೆದುಕೊಡುತ್ತಾರೆ, ಮನೆಯೊಳಗೂ ಬರಿಗಾಲಿನಲ್ಲಿ ನಡೆಯಕೂಡದೆನ್ನುತ್ತಾರೆ, ಪ್ರತಿದಿನ ರಾತ್ರಿ ಮಲಗುವ ಮುನ್ನ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕೆಂದೂ, ಕಣ್ಣು ಮಂದವಾಗಿದ್ದರೆ ಮನೆಯವರಲ್ಲಿ ಒಬ್ಬರು ನೋಡಬೇಕೆಂದೂ ತಿಳಿಸುತ್ತಾರೆ.